ಸಾಕು ಅನ್ನಲಾರದವನಿಗೆ ಬಡಿಸುವುದು

ಹಾಸ್ಟೆಲ್ ಅಡುಗೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನ ಮನೆಗೆ ಬಂದರೆ ಕೇಳುವುದು ಒಂದೇ ಮಾತು: ನೂರು ಮಂದಿಗೆ ಬೇಳೆ ಎಷ್ಟು, ಅಕ್ಕಿ ಎಷ್ಟು? ಅದಕ್ಕೆ ನಾನು ಬೇಕಾಗಿಲ್ಲ. ಅಡುಗೆಮನೆಯ ಗೋಡೆಗೆ ಹಚ್ಚಿದ ಹಾಳೆಯಲ್ಲಿ ಅದೆಲ್ಲ ಇದೆ. ಗೋಡೆಗೆ ಹಚ್ಚಲು ಬಾರದ ಸಂಗತಿಗಳು ಕೆಲವು ಉಳಿಯುತ್ತವೆ, ಅವನ್ನಷ್ಟೇ ಬರೆಯುತ್ತೇನೆ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಅಡುಗೆಯಲ್ಲಿ ತಿದ್ದುವ ಗೋಜಿಗೆ ಬರಬೇಡಿ. ಅಫಜಲಪುರ, ಜೇವರ್ಗಿ, ಆಳಂದ, ಈ ಮೂರು ಊರುಗಳ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ನನ್ನ ರೊಟ್ಟಿ ತಿಂದು ಡಿಗ್ರಿ ಮುಗಿಸಿದವರು ಇವತ್ತು ಸಂತೆಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಇಳಿಯುತ್ತಾರೆ. ಅದಕ್ಕಿಂತ ದೊಡ್ಡ ಬಡ್ತಿ ನನಗೆ ಬೇಕಾಗಿರಲಿಲ್ಲ.

ಮೊದಲು ಅಫಜಲಪುರ. ಅಲ್ಲಿ ಹಿರಿಯ ಅಡುಗೆಯವರು ಖಾಸಿಂ ಚಾಚಾ. ಕಟ್ಟಿಗೆಯ ಒಲೆ, ಮಣ ಭಾರದ ಬೋಗಾಣಿ, ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಿಸುತ್ತಿರಲಿಲ್ಲ. ನಾನು ಸೇರಿದ ಹೊಸತು. ಕಡಲೆ ಬೇಯುತ್ತಿಲ್ಲವೆಂದು ಚಾಚಾ, "ಜರಾ ಸೋಡಾ ಹಾಕು" ಎಂದರು. ಪಾತ್ರೆ ತೊಳೆಯಲು ತಂದಿಟ್ಟ ಸೋಡಾವನ್ನು ನಾನು ಮುಷ್ಟಿ ತುಂಬ ಹಾಕಿದೆ. ನೊರೆ ಎದ್ದು ಬೋಗಾಣಿಯ ಅಂಚು ದಾಟಿ ಒಲೆಯನ್ನು ಆರಿಸಿ ನೆಲದ ತುಂಬ ಹರಿಯಿತು. ಊಟಕ್ಕೆ ಬಂದ ಹುಡುಗರು ಬಾಗಿಲಲ್ಲೇ ನಿಂತು, "ಕಾಕಾ, ಇದು ಉಣಾಕ ಏನ್ ಜಳಕ ಮಾಡಾಕ?" ಎಂದು ಕೇಳಿದರು. ಚಾಚಾ ಬೈಯಲಿಲ್ಲ. ಅಷ್ಟನ್ನೂ ಚೆಲ್ಲಿಸಿ, ಇದ್ದ ಅಕ್ಕಿಗೆ ಬಟಾಟೆ ಹಾಕಿ ತಹರಿ ಮಾಡಿ ಎಲ್ಲರಿಗೂ ಬಡಿಸಿದ ಮೇಲೆ ನನ್ನ ಕಿವಿ ಹಿಂಡಿ, "ಹಸದ ಪೋರಗೋಳ ಮುಂದ ಜಗಳ ಹಚ್ಚಬಾರದಲೇ. ಅದಕ್ಕ ಈಗ ಹಿಂಡಾಕತ್ತೇನಿ" ಎಂದರು. ಬಡಿಸುವಾಗ ಕಣ್ಣು ತಾಟಿನ ಮೇಲೆ ಇರಬೇಕು, ಉಣ್ಣುವವನ ಮುಖ ನೋಡಿದರೆ ಅವನಿಗೆ ನಾಚಿಕೆಯಾಗುತ್ತದೆ ಎಂದು ಕಲಿಸಿದವರೂ ಅವರೇ. ಬಹಳ ವರ್ಷ ನಾನು ಹಾಗೆಯೇ ನಡೆದುಕೊಂಡೆ.

ಜೇವರ್ಗಿಗೆ ಹೋದಾಗ ಗ್ಯಾಸ್ ಬಂದಿತ್ತು, ಹೊಗೆ ಹೋಗಿತ್ತು. ಅಲ್ಲಿ ಒಬ್ಬ ವಾರ್ಡನ್ ಸಾಹೇಬರು ತಲೆಗೆ ಇಷ್ಟೇ ರೊಟ್ಟಿ ಎಂದು ಹುಕುಂ ಮಾಡಿ ಬಾಗಿಲಲ್ಲಿ ನಿಂತುಕೊಳ್ಳತೊಡಗಿದರು. ಆವರೆಗೆ ಹೆಚ್ಚಿಗೆ ಒಂದು ತುಣುಕು ಕೇಳದಿದ್ದ ಹುಡುಗರು ಕೂಡ ಅವತ್ತಿನಿಂದ ರೊಟ್ಟಿ ಮುರಿದು ಜೇಬಿಗೆ ಇಳಿಸಲು ಶುರುಮಾಡಿದರು. ಟ್ರಂಕಿನಲ್ಲಿ ರೊಟ್ಟಿ, ದಿಂಬಿನ ಕೆಳಗೆ ರೊಟ್ಟಿ. ಕೊನೆಗೆ ಇರುವೆಯ ಸಾಲೊಂದು ಕೋಣೆಗಳಿಂದ ಹೊರಟು ಅಂಗಳ ದಾಟಿ ಸಾಹೇಬರ ಮೇಜಿನ ಖಾನೆಗೇ ನುಗ್ಗಿತು. ಯಾವನೋ ಪುಣ್ಯಾತ್ಮ ಅಲ್ಲೂ ಬಚ್ಚಿಟ್ಟಿದ್ದ. ಸಾಹೇಬರು ಖಾನೆ ಎಳೆದು ನೋಡಿ, ಬಿದ್ದು ಬಿದ್ದು ನಕ್ಕು, "ಗುರಪ್ಪಾ, ಬುಟ್ಟಿ ನಡುವ ಇಡು ಮಾರಾಯ, ಎಷ್ಟು ಬೇಕೋ ಅಷ್ಟು ತಿನ್ನಲಿ" ಎಂದರು. ಒಳ್ಳೆಯ ಮನುಷ್ಯ. ಬಹುಪಾಲು ಹುಡುಗರು ಬಚ್ಚಿಡುವುದನ್ನು ಬಿಟ್ಟರು. ಒಬ್ಬಿಬ್ಬರು ಬಿಡಲಿಲ್ಲ. ಬುಟ್ಟಿ ಮುಂದೆಯೇ ಇದ್ದರೂ ಬಚ್ಚಿಡುತ್ತಿದ್ದರು. ಅದು ಯಾಕೆಂದು ಆಗ ನನಗೆ ತಿಳಿಯಲಿಲ್ಲ. ತಿಳಿದದ್ದು ಆಳಂದದಲ್ಲಿ, ಮಾಂತೇಶನಿಂದ.

ಮಾಂತೇಶ ಅವನ ನಿಜವಾದ ಹೆಸರಲ್ಲ. ಇದನ್ನು ಬರೆಯಲೇ ಎಂದು ಫೋನ್ ಮಾಡಿ ಕೇಳಿದಾಗ ಅವನು, "ಹೆಸರೊಂದು ಬದಲ್ ಮಾಡ್ರಿ ಕಾಕಾ. ಉಳದದ್ದು ಒಂದೂ ಬಿಡಬ್ಯಾಡ್ರಿ. ನನ್ನಂಥವರು ಇನ್ನೂ ಇದ್ದಾರ" ಎಂದ.

ಹಿರೋಳ್ಳಿ ಕಡೆಯ ಹುಡುಗ, ಬಿ.ಎ. ಕೊನೆಯ ವರ್ಷ. ಮಂದಿಯ ಎದುರು ಕುಳಿತರೆ ಅರ್ಧ ರೊಟ್ಟಿ ಮುರಿದು ಎದ್ದುಬಿಡುತ್ತಿದ್ದ. ಮೈ ಮಾತ್ರ ದಪ್ಪವಾಗುತ್ತ ನಡೆದಿತ್ತು. ಅದೇ ಹೊತ್ತಿಗೆ ಉಗ್ರಾಣದಲ್ಲಿ ಬೆಲ್ಲ, ಶೇಂಗಾ, ಕಡಕ್ ರೊಟ್ಟಿ ಕಾಣೆಯಾಗತೊಡಗಿದವು. ಹೆಗ್ಗಣದ ಕೆಲಸವೆಂದು ನಾನು ಬಚ್ಚಲ ಮೋರಿಗೆ ಕಲ್ಲು ಬಡಿದು, ಬೋನು ತಂದಿಟ್ಟೆ. ನಮ್ಮ ವಾರ್ಡನ್ ಸವಿತಾ ಮೇಡಂ, ನನ್ನ ಮಗಳಿಗಿಂತ ಚಿಕ್ಕವರು, ಬಂದು ನೋಡಿ ಹೇಳಿದರು:

"ಗುರಪ್ಪಣ್ಣ, ನಿಮ್ಮ ಹೆಗ್ಗಣ ಭಾಳ ಶಾಣ್ಯಾ ಅದ. ಡಬ್ಬಿ ಮುಚ್ಚಳ ತೆಗದು, ತಿಂದು, ಮತ್ತ ಗಟ್ಟಿ ಮುಚ್ಚಿ ಹೋಗ್ತದಲ್ಲ!"

ನನಗೆ ಅವಮಾನವಾಯಿತು. ಆದರೂ ಬೋನು ತೆಗೆಯಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿದು ಎಲ್ಲರೂ ಕಾಲೇಜಿಗೆ ಹೋದ ಮೇಲೆ, ಮರೆತುಬಂದ ಕನ್ನಡಕಕ್ಕಾಗಿ ಅಡುಗೆಮನೆಗೆ ಹೊರಳಿ ಬಂದೆ. ಅಕ್ಕಿ ಚೀಲಗಳ ಹಿಂದೆ ಸಪ್ಪಳ. ಬಗ್ಗಿ ನೋಡಿದರೆ ಮಾಂತೇಶ. ಕುಕ್ಕರಗಾಲಲ್ಲಿ ಕುಳಿತು ಮುಂದೆ ತಣ್ಣನೆಯ ಅನ್ನದ ಬೋಗಾಣಿ ಇಟ್ಟುಕೊಂಡಿದ್ದಾನೆ. ಅನ್ನ, ಅದರ ಮೇಲೆ ಬೆಲ್ಲ, ಬೆಲ್ಲದ ಮೇಲೆ ಶೇಂಗಾ ಹಿಂಡಿಯ ಪುಡಿ, ಮತ್ತೆ ಅನ್ನ. ಅಗಿಯುತ್ತಲೇ ಇಲ್ಲ, ನುಂಗುತ್ತಿದ್ದಾನೆ. ರುಚಿ ನೋಡುವವನ ಮುಖವಲ್ಲ ಅದು. ಬಸ್ಸು ತಪ್ಪೀತೆಂದು ಓಡುವವನ ಮುಖ.

"ಯಾರಲೇ ಅದು?" ಎಂದೆ. ನನ್ನ ದನಿ ಮೊದಲೇ ದೊಡ್ಡದು.

ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಅಷ್ಟು ಎತ್ತರದ ಹುಡುಗ ಚೀಲದ ಸಂದಿಯಲ್ಲಿ ಮುದುಡಿ ಇಷ್ಟೇ ಇಷ್ಟಾದ. "ಬಡೀರಿ ಕಾಕಾ. ಬೈಬ್ಯಾಡ್ರಿ" ಎಂದ.

ನಾನು ಅಲ್ಲೇ ಕುಳಿತೆ. "ನಾ ಯಾಕ್ ಬಡೀಲಿ? ಹಸಿವಾಗಿತ್ತೇನು?"

"ಇಲ್ರಿ."

"ಮತ್ತ?"

"ಗೊತ್ತಿಲ್ರಿ. ಬ್ಯಾಡಾಗಿತ್ತು. ಒಮ್ಮಿ ಶುರು ಆದ್ರ ನಿಲ್ಸಾಕ ಆಗಂಗಿಲ್ರಿ."

ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಹರೆಯದ ಹುಡುಗ, ಮನೆಯ ಕಡೆ ಸರಿಯಾಗಿ ಉಂಡಿರಲಿಕ್ಕಿಲ್ಲ, ಮಂದಿಯೆದುರು ಕೇಳಲು ನಾಚಿಕೆ ಎಂದು ಲೆಕ್ಕ ಹಾಕಿದೆ. ನಮ್ಮ ಕಡೆ ಕದ್ದು ತಿನ್ನುವವನಿಗೆ ಇರುವ ಔಷಧ ಒಂದೇ: ಎಲ್ಲರ ಎದುರು ಕೂರಿಸಿ, ಹೊಟ್ಟೆ ಬಿರಿಯುವಂತೆ ಉಣಿಸುವುದು.

ಎಳ್ಳ ಅಮಾವಾಸ್ಯೆ, ನಮ್ಮ ಎಳ್ಳಮಾಸಿ ಹಬ್ಬ, ಬಂತು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ, ತುಪ್ಪ. ನಮ್ಮಲ್ಲಿ ಬಡಿಸುವ ರೀತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಉಣ್ಣುವವನು "ಸಾಕು" ಎಂದರೆ ಅದು ಮರ್ಯಾದೆಯ ಮಾತು, ಯಾರೂ ನಂಬುವುದಿಲ್ಲ. ಎರಡನೆಯ "ಸಾಕು" ಅಂದರೆ ಇನ್ನೊಂದು ಹಿಡಿಸುತ್ತದೆ ಎಂದರ್ಥ. ಕೊನೆಗೆ ಅವನು ಎರಡೂ ಕೈ ತಾಟಿಗೆ ಅಡ್ಡ ಹಿಡಿಯಬೇಕು, ಬಡಿಸುವವನು ಬೆರಳ ಸಂದಿಯಿಂದ ಇನ್ನೊಂದು ಹೋಳಿಗೆ ಇಳಿಸಬೇಕು. ಆಗಲೇ ಇಬ್ಬರಿಗೂ ಸಮಾಧಾನ. ಮಾಂತೇಶ ಕೈ ಅಡ್ಡ ಹಿಡಿಯಲಿಲ್ಲ. "ಸಾಕು" ಎನ್ನಲೂ ಇಲ್ಲ. ಹಾಕಿದ್ದು ಹಾಕಿದಂತೆ ಖಾಲಿಯಾಯಿತು. ನಾನು ಹಾಕಿದೆ, ಅತ್ತ ಇತ್ತ ಕುಳಿತವರು ಹಾಕಿದರು, ಯಾವನೋ "ಪಂತ ಹಚ್ರಲೇ!" ಎಂದು ಕೂಗಿದ, ಎಲ್ಲರೂ ತಾಟು ಬಡಿದರು. ತಲೆ ತಗ್ಗಿಸಿ ಅವನು ಉಣ್ಣುತ್ತಲೇ ಇದ್ದ. ನಾನು ತುಪ್ಪದ ಚರಿಗೆ ಹಿಡಿದು ಬೀಗುತ್ತ ನಿಂತಿದ್ದೆ.

ಮರುದಿನ ಬೆಳಿಗ್ಗೆ ಮೇಡಂ ಓಡಿಬಂದರು. "ಗುರಪ್ಪಣ್ಣ, ಮಾಂತೇಶನ ಟ್ರಂಕ್ ಇಲ್ಲ. ಬಸ್‌ಸ್ಟ್ಯಾಂಡಿಗಿ ಹೋದ ಅಂತಾರ. ಪರೀಕ್ಷಾ ಫಾರಂ ಸುದ್ದಾ ಬಿಟ್ಟು ಹೋಗ್ಯಾನ. ಹತ್ರಿ ಗಾಡಿ."

ಗಾಡಿ ಎಂದರೆ ಅವರ ಸ್ಕೂಟಿ. ಹೆಣ್ಣುಮಗಳ ಹಿಂದೆ ಸ್ಕೂಟಿಯಲ್ಲಿ ನಾನು ಜನ್ಮದಲ್ಲಿ ಕುಳಿತವನಲ್ಲ. ಧೋತರ ಗಾಳಿಗೆ ಹಾರದಂತೆ ಒಂದು ಕೈ, ಟೋಪಿಗೆ ಒಂದು ಕೈ. ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ. "ಜರಾ ನಿಧಾನ ಮೇಡಂ, ಮೊಮ್ಮಕ್ಕಳಿದ್ದಾವ್ರಿ ನನಗ" ಎಂದರೂ ಅವರು ಕೇಳಲಿಲ್ಲ. ದಾರಿಯುದ್ದ ಭೂಸನೂರ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು. ಬಸ್‌ಸ್ಟ್ಯಾಂಡಿನಲ್ಲಿ ಮಾಂತೇಶ ಟ್ರಂಕಿನ ಮೇಲೆ ಕುಳಿತಿದ್ದ. ಮುಖ ಬಾತಿತ್ತು.

"ಎಲ್ಲಿಗಿ ಹೊಂಟಿ?" ಮೇಡಂ ಕೇಳಿದರು.

"ಕಬ್ಬ ಕಡಿಯಾಕ. ಮಾವನ ಗ್ಯಾಂಗ್ ಅದ."

"ಪರೀಕ್ಷಾ?"

"ಪಂತ ಹಚ್ಚಿ ಉಣ್ಣಾವ ಪರೀಕ್ಷಾ ಬರದು ಏನ್ ಮಾಡ್ಬೇಕ್ರಿ? ಇಡೀ ಹಾಸ್ಟೆಲ್ ನೋಡ್ತು."

ನನಗೆ ಸಿಟ್ಟು ಬಂತು. "ಸಾಕು ಅನ್ನಾಕ ನಿನಗ ಬಾಯಿ ಇರ್ಲಿಲ್ಲೇನಲೇ?" ಎಂದೆ.

ಅವನು ಟ್ರಂಕಿನ ಕೊಂಡಿ ತಿರುವುತ್ತ ಹೇಳಿದ. ಅವ್ವ ಸತ್ತಾಗ ಅವನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪ ಕುಡಿದು ಎತ್ತ ಹೋದನೋ ತಿಳಿಯದು. ಬೆಳೆದದ್ದು ಸೋದರಮಾವನ ಮನೆಯಲ್ಲಿ. ಮಾವ ಮಾತು ಕಡಿಮೆ, ಬಾರುಕೋಲು ಹೆಚ್ಚು.

"ಅತ್ತಿ ನೀಡೂಮುಂದ 'ಸಾಕೇನು?' ಅಂತ ಕೇಳ್ತಿದ್ಲು ಕಾಕಾ. ಬೇಕು ಅಂದ್ರ, 'ಇವನ ಹೊಟ್ಟಿ ಅಲ್ಲ, ಹರಕ ಚೀಲ' ಅಂತ ಓಣಿಗೆಲ್ಲ ಹೇಳ್ತಿದ್ಲು. ಸಾಕು ಅಂದ್ರ, 'ಸಾಕೂದು ಎಷ್ಟು ತ್ರಾಸ ಅಂತ ನನ್ನ ಕೇಳು, ಸಾಕಿದವಳು ನಾ' ಅಂತಿದ್ಲು. ಎರಡರಾಗ ಯಾವುದು ಅಂದ್ರೂ ತಪ್ಪ. ಸುಮ್ಮನ ಏಳ್ತಿದ್ದೆ. ಎಲ್ಲಾರೂ ಹೊಲಕ್ಕ ಹೋದ ಮ್ಯಾಲ ಮನ್ಯಾಗ ಏನ್ ಸಿಗ್ತದೋ ಅದು, ಅವರು ಬರೂದ್ರಾಗ. ಸಿಕ್ಕರ ಬಡತ. ಈಗ ಯಾರೂ ಬಡ್ಯಂಗಿಲ್ಲ. ಖರೇ, ಮನಸ್ಸು ಕೆಟ್ಟ ದಿನ ಕೈ ತಾನ ಹೊಕ್ಕೈತ್ರಿ. ಆಮ್ಯಾಲ ನನ್ನ ಮಾರಿ ನನಗ ನೋಡಾಕ ಆಗಂಗಿಲ್ಲ."

ಸಾಕು ಎಂಬ ಒಂದೇ ಮಾತಿಗೆ ಎರಡು ಅರ್ಥ ಇರುವುದು ನನಗೂ ಗೊತ್ತಿತ್ತು. ಎರಡನ್ನೂ ಸೇರಿಸಿ ಒಂದು ಮಗುವಿನ ಬಾಯಿ ಕಟ್ಟಬಹುದೆಂದು ಅವತ್ತು ತಿಳಿಯಿತು.

ಮೇಡಂ ಅವನ ಪಕ್ಕ ಕುಳಿತರು. "ಮಾಂತೇಶ, ಜ್ವರ ಬಂದ್ರ ಏನ್ ಮಾಡ್ತಿ?"

"ಗುಳಗಿ ತಗೋತೀನ್ರಿ."

"ಇದೂ ಹಂಗ ಒಂದು ಬ್ಯಾನಿ. ಮಂಗಳವಾರ ತಾಲ್ಲೂಕಾ ದವಾಖಾನಿಗಿ ಮನಸ್ಸಿನ ಡಾಕ್ಟ್ರು ಬರ್ತಾರ. ಹೋಗೂಣು."

ನಾನು ಎದ್ದು ನಿಂತೆ. "ಎಂಥಾ ಮಾತಾಡ್ತೀರಿ ಮೇಡಂ! ನನ್ನ ಅಡಗಿ ಉಂಡ ಹುಡುಗಗ ಹುಚ್ಚ ಅಂತ ಚೀಟಿ ಮಾಡಸ್ತೀರೇನು?"

"ನಿಮಗ ಸಕ್ಕರಿ ಬ್ಯಾನಿ ಬಂತಲ್ಲ ಗುರಪ್ಪಣ್ಣ, ಅವಾಗ ನಿಮ್ಮ ಮನಿಯವರ ಅಡಗಿ ಕೆಟ್ಟದ ಅಂತ ಯಾರರ ಅಂದ್ರೇನು?"

ಹಿರೋಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಮಾಂತೇಶ ಟ್ರಂಕ್ ಎತ್ತಿಕೊಂಡು ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟ, ನಿಂತ. "ಕಾಕಾನೂ ಬಂದ್ರ ದವಾಖಾನಿಗಿ ಬರ್ತೇನಿ" ಎಂದ. ಬಸ್ಸು ಹೋಯಿತು. ಟ್ರಂಕ್ ನಾನು ಹೊತ್ತೆ. ಸ್ಕೂಟಿಯಲ್ಲಿ ಮೂವರು ಹಿಡಿಸುವುದಿಲ್ಲವಲ್ಲ. ನಾವಿಬ್ಬರೂ ನಡೆದೇ ಬಂದೆವು.

ದವಾಖಾನೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ತಾಳ್ಮೆಯವರು. ಮಾಂತೇಶನನ್ನು ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬೆಂಚಿನ ಮೇಲೆ ನಾನು ಟೋಪಿ ತೆಗೆಯುತ್ತ ಹಾಕುತ್ತ ಕುಳಿತಿದ್ದೆ. ಆಮೇಲೆ ನನ್ನನ್ನೂ ಕರೆದರು.

"ಕಾಕಾ, ಇದು ಹೊಟ್ಟೆಬಾಕತನ ಅಲ್ಲ. ಸಣ್ಣವಿದ್ದಾಗ ಅಂಜಿ ಉಂಡಾನ. ದುಃಖ ಬಂದಾಗ ಊಟನ ಅವನಿಗಿ ತಾಯಿ ಆಗ್ಯದ, ಊಟನ ಶಿಕ್ಷಾನೂ ಆಗ್ಯದ. ಕೀಲಿ ಹಾಕಿದ್ರ ಹೋಗಂಗಿಲ್ಲ, ಒತ್ತಾಯ ಮಾಡಿ ಉಣಿಸಿದ್ರೂ ಹೋಗಂಗಿಲ್ಲ. ನನ್ನ ಹತ್ರ ಮಾತಾಡಾಕ ಬರ್ತಿರಬೇಕು. ನಿಮ್ಮ ಕಡೆ ಒಂದಿಷ್ಟು ಕೆಲಸ ಅದ. ಹೊತ್ತಿಗಿ ಸರಿಯಾಗಿ ಉಣ್ಣಲಿ, ಮಂದ್ಯಾಗ ಕುಂತು ಉಣ್ಣಲಿ. ಯಾವತ್ತರ ಹೆಚ್ಚು ತಿಂದ್ರ ಮರುದಿನ ಉಪವಾಸ ಬೀಳಬಾರದು, ಅದರಿಂದನ ಮತ್ತ ಶುರು ಆಗ್ತದ. ಯಾರೂ ಅವನ ತಾಟು ನೋಡಿ ಮಾತಾಡಬಾರದು."

"ಎಂದಿಗಿ ಛಲೋ ಆಗ್ತದ್ರಿ?" ಎಂದೆ.

"ಒಮ್ಮೆಲೆ ಆಗಂಗಿಲ್ಲ. ನಡುವ ನಡುವ ಬೀಳ್ತಾನ. ಬಿದ್ದಾಗ ಮುಚ್ಚಿಡಲಿಲ್ಲ ಅಂದ್ರ ಛಲೋ ಆಗಾಕತ್ಯಾನ ಅಂತ ತಿಳೀರಿ."

ಅಡುಗೆಮನೆಗೆ ಬಂದು ನಾನು ಮೊದಲು ಮಾಡಿದ್ದು ಬಡಿಸುವ ಪದ್ಧತಿ ಬದಲಿಸಿದ್ದು. ಒತ್ತಾಯ ಬಂದ್. ಬೋಗಾಣಿ ಮೇಜಿನ ಮೇಲೆ, ಕೈಚಮಚ ಹುಡುಗರ ಕೈಯಲ್ಲಿ. ಹಬ್ಬದ ದಿನವೂ ಅಷ್ಟೆ. "ಕಾಕಾಗ ವಯಸ್ಸಾತು, ನೀಡೂ ಕೈ ಸೋತಾವ" ಎಂದು ಹುಡುಗರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಸಂಜೆ ಕಾಲೇಜಿನಿಂದ ಬಂದವರಿಗೆ ಮಂಡಕ್ಕಿಯ ಸುಸಲಾ ಇಲ್ಲವೆ ಶೇಂಗಾ ಚುರುಮುರಿ, ಹೊತ್ತು ತಪ್ಪದಂತೆ. ಮೇಡಂ ಅದಕ್ಕೆ ಮೇಲಿನವರ ಒಪ್ಪಿಗೆ ತಂದರು. ಹೆಗ್ಗಣದ ಬೋನನ್ನು ಗುಜರಿಯವನಿಗೆ ಹಾಕಿದೆ.

ಮಂದಿಯಲ್ಲಿ ಕುಳಿತು ಉಣ್ಣುವುದು ಮಾತ್ರ ಅವನಿಗೆ ಆಗುತ್ತಲೇ ಇರಲಿಲ್ಲ. ತಾಟು ಹಿಡಿದು ಬಾಗಿಲ ತನಕ ಬಂದು ನಿಲ್ಲುತ್ತಿದ್ದ. ಆಗ ನನಗೊಂದು ಸಂಗತಿ ಹೊಳೆಯಿತು. ಅಡುಗೆಯವರಾದ ನಾವು ಹೇಗೆ ಉಣ್ಣುತ್ತೇವೆ? ಎಲ್ಲರದೂ ಆದ ಮೇಲೆ, ಒಲೆಯ ಪಕ್ಕ ನಿಂತುಕೊಂಡು, ತಳದಲ್ಲಿ ಉಳಿದದ್ದನ್ನು ಗಬಗಬ ನುಂಗಿ ಕೈ ತೊಳೆಯುತ್ತೇವೆ. ನಾನೂ ಒಬ್ಬನೇ, ಅವನೂ ಒಬ್ಬನೇ. ಮರುದಿನ ನಾನೇ ತಾಟು ಹಾಕಿಕೊಂಡು ಹುಡುಗರ ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತೆ. ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ, ಅಡುಗೆಮನೆಯಲ್ಲಿ ಏನಾದರೂ ಸಪ್ಪಳವಾದರೆ ಏಳಬೇಕೆನಿಸುತ್ತಿತ್ತು. "ನೋಡ್ರಲೇ, ಕಾಕಾ ಬೀಗರ ಹಂಗ ಕುಂತಾರ! ತುಪ್ಪ ತರ್ರಿ!" ಎಂದು ಗದ್ದಲ ಮಾಡಿದರು. ಆ ಗದ್ದಲದಲ್ಲಿ ಮಾಂತೇಶ ಬಂದು ನನ್ನ ಪಕ್ಕ ಕುಳಿತುಬಿಟ್ಟ. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ.

ನಿಮಗೆಲ್ಲ ಹೇಳುವುದು ಇಷ್ಟು. ಈಗ ರೊಟ್ಟಿಗೆ ಯಂತ್ರ ಬಂದಿದೆ, ಹೆಬ್ಬೆರಳು ಒತ್ತಿದರೆ ಹಾಜರಿ ಬೀಳುತ್ತದೆ. ಯಂತ್ರ ಉಳಿಸಿಕೊಟ್ಟ ಹೊತ್ತಿನಲ್ಲಿ ಹುಡುಗರ ಸಾಲಿನಲ್ಲಿ ಕುಳಿತು ಉಣ್ಣಿ. ನಿಂತು ಉಣ್ಣಬೇಡಿ. ಯಾರು ಮುರಿದಿಟ್ಟು ಏಳುತ್ತಾರೆ, ಯಾರು ಎಲ್ಲರೂ ಹೋಗಲಿ ಎಂದು ಕಾಯುತ್ತಾರೆ ಎಂಬುದು ನಿಂತವನಿಗೆ ಕಾಣುವುದಿಲ್ಲ. ಕಂಡರೆ ಅಲ್ಲೇ ಕೇಳಬೇಡಿ, ನಗಬೇಡಿ. ಪಕ್ಕದಲ್ಲಿ ಕುಳಿತಿರಿ. ವಾರ್ಡನ್‌ಗೆ ತಿಳಿಸಿ, ದವಾಖಾನೆಗೆ ಜೊತೆಗೆ ಹೋಗಿ. ಇದು ನಮ್ಮ ಕೆಲಸವಲ್ಲ ಎನ್ನಬೇಡಿ. ಊಟಕ್ಕೆ ಸಂಬಂಧಪಟ್ಟದ್ದೆಲ್ಲ ನಮ್ಮ ಕೆಲಸವೇ.

ಮಾಂತೇಶ ಡಾಕ್ಟರು ಹೇಳಿದಂತೆಯೇ ನಡೆದ. ಕೆಲವು ವಾರ ಹಗುರಾಗಿರುತ್ತಿದ್ದ, ಗೆಳೆಯರ ಜೊತೆ ವಾಲಿಬಾಲ್ ಆಡುತ್ತಿದ್ದ. ಕೆಲವು ದಿನ ಮುಖ ಮುಚ್ಚಿಕೊಂಡು ಮಲಗಿರುತ್ತಿದ್ದ. ಮಂಗಳವಾರ ಮಾತ್ರ ತಪ್ಪಿಸಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹಿರೋಳ್ಳಿಯಿಂದ ಮಾವನ ಫೋನ್ ಬಂದಿತ್ತೆಂದು ಅವನ ಕೋಣೆಯವರು ಹೇಳಿದರು. ಏನಂದನೋ ಗೊತ್ತಿಲ್ಲ. ಅವತ್ತು ಸಂಜೆ ಉಗ್ರಾಣದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಬರಿದಾಗಿತ್ತು. ಮರುದಿನ ಬೆಳಿಗ್ಗೆ ನಾಷ್ಟಕ್ಕೆ ಮಾಂತೇಶ ಬರಲಿಲ್ಲ.

ನಾನು ಮೇಡಂಗೆ ಹೇಳಿದೆ. ಇಬ್ಬರೂ ಅವನ ಕೋಣೆಗೆ ಹೋಗಿ ನೋಡಿದೆವು. ಅವನಿರಲಿಲ್ಲ, ಟ್ರಂಕ್ ಅಲ್ಲೇ ಇತ್ತು. "ಮಧ್ಯಾಹ್ನದ ತನಕ ನೋಡೂಣು" ಎಂದರು ಅವರು. ಆ ಬೆಳಗಿನಷ್ಟು ಉದ್ದದ ಬೆಳಗು ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ. ಬೇಳೆ ಕುದಿಯುತ್ತಿತ್ತು, ನನ್ನ ಕಿವಿ ಬಾಗಿಲಿಗೆ ಅಂಟಿತ್ತು.

ಮಧ್ಯಾಹ್ನದ ಊಟಕ್ಕೆ ಇನ್ನೇನು ಗಂಟೆ ಹೊಡೆಯಬೇಕು, ಅವನು ಬಂದ. ಅಡುಗೆಮನೆಯಲ್ಲಿ ಎಲ್ಲರೂ ಇದ್ದರು: ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು, ಸಾಲಿನ ಮುಂದೆ ನಿಂತ ಆರೆಂಟು ಹುಡುಗರು. ಬಾಗಿಲಲ್ಲಿ ನಿಂತು, ದನಿ ತಗ್ಗಿಸದೆ ಹೇಳಿದ:

"ಕಾಕಾ, ನಿನ್ನಿ ಹೋಳಿಗಿ ಡಬ್ಬಿ ಖಾಲಿ ಮಾಡಿದವ ನಾನ. ಮತ್ತ ಹಂಗ ಆತ್ರಿ."

ಹೆಚ್ಚುವವರ ಈಳಿಗೆ ನಿಂತಿತು. ನಾನು ಜ್ವರದ ಸುದ್ದಿ ಕೇಳಿದವನಂತೆ, "ಹೌದಾ? ಬಾ, ಕುಂದರು. ಅಡಗಿ ಆಗ್ಯದ" ಎಂದೆ.

"ಹಸಿವಿಲ್ರಿ."

"ನನಗೂ ಇಲ್ಲ. ಹೊತ್ತಾಗ್ಯದ, ಉಣ್ಣೂಣು."

ಬಂದು ಕುಳಿತ. ಒಂದು ರೊಟ್ಟಿ, ಒಂದಿಷ್ಟು ಪಲ್ಯ, ಒಂದು ಬಟ್ಟಲು ಬೇಳೆ ಹಾಕಿಕೊಂಡ. ನಾನು ನನ್ನ ತಾಟನ್ನೇ ನೋಡುತ್ತ ಕುಳಿತೆ. ರೊಟ್ಟಿ ಮುರಿದ ಸಪ್ಪಳ ಕೇಳಿತು. ಅಗಿಯುವ ಸಪ್ಪಳ ಕೇಳಿತು. ಆಮೇಲೆ ಅದು ನಿಂತಿತು. ಎದ್ದು ಹೋಗುತ್ತಾನೆ ಎಂದುಕೊಂಡೆ.

"ಕಾಕಾ."

"ಏನಪಾ?"

"ಸಿಟ್ಟಾಗಬ್ಯಾಡ್ರಿ. ಬ್ಯಾಳ್ಯಾಗ ಉಪ್ಪು ಇಲ್ಲ."

ಮೂರು ತಾಲ್ಲೂಕಿನಲ್ಲಿ, ಎಷ್ಟು ಸಾಹೇಬರು ಬಂದು ಹೋದರೂ, ನನ್ನ ಬೇಳೆಗೆ ಹಾಗೆ ಅಂದವರಿರಲಿಲ್ಲ. ಬೆರಳು ಅದ್ದಿ ನೋಡಿದೆ. ಖರೇ, ಒಂದು ಹರಳೂ ಬಿದ್ದಿರಲಿಲ್ಲ. ನಾನು ಎದ್ದುಹೋಗಿ ಉಪ್ಪಿನ ಡಬ್ಬಿ ತಂದು ನಮ್ಮಿಬ್ಬರ ತಾಟಿನ ನಡುವೆ ಇಟ್ಟೆ.

"ತಗೋ" ಎಂದೆ. "ಎಷ್ಟು ಬೇಕೋ ನೀನ ಹಾಕ್ಕೋ."